ಗುರ್ಲಹೊಸೂರಿನ ಅಣ್ಣಾಸಾಹೇಬ ಮತ್ತು ಹಳೇ ಧಾಟಿಯ ಹೊಸ ಹಾಡು



ನಮ್ಮ ಎಲೆಕ್ಟ್ರಿಕಲ್ ಲ್ಯಾಬಿಗೆ ಹೋದವರೆಲ್ಲ ಒಂದು ಹೆಸರು ಖಂಡಿತ ನೋಡಿರ್ತೀರಿ. ಮೋಟರ್ ಮೇಲಿನ ನೇಮ್‌ಪ್ಲೇಟಿನಲ್ಲಿ ವೋಲ್ಟೇಜು, ಆರ್‌ಪಿಎಂ ಎಲ್ಲದಕ್ಕಿಂತ ಮೇಲೆ ದಪ್ಪ ಅಕ್ಷರದಲ್ಲಿ ಕಿರ್ಲೋಸ್ಕರ ಅಂತ ಇರುತ್ತೆ. ಹೊಲದ ಪಂಪಿನ ಮೇಲೂ ಅದೇ ಹೆಸರು. ನಾನು ಚಿಕ್ಕವನಿದ್ದಾಗ ಕಿರ್ಲೋಸ್ಕರ ಅಂದ್ರೆ ಮನುಷ್ಯರ ಹೆಸರು ಅಂತಾನೇ ಗೊತ್ತಿರಲಿಲ್ಲ, ನೀರೆತ್ತುವ ಮಷೀನಿಗೆ ಹಾಗಂತಾರೆ ಅಂದುಕೊಂಡಿದ್ದೆ. ಆ ಕಾರ್ಖಾನೆ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದ್ದು 1869ರಲ್ಲಿ, ನಮ್ಮ ಬೆಳಗಾವಿ ಜಿಲ್ಲೆಯ ಸವದತ್ತಿ ಹತ್ತಿರದ ಗುರ್ಲಹೊಸೂರಿನಲ್ಲಿ. ಇಷ್ಟು ಕೆಲವರಿಗೆ ಗೊತ್ತಿರಬಹುದು.

ಆದರೆ ಅದಕ್ಕೂ 26 ವರ್ಷ ಮೊದಲು ಅದೇ ಊರಲ್ಲಿ, ಅದೇ ಅಡ್ಡಹೆಸರಿನ ಇನ್ನೊಬ್ಬರು ಹುಟ್ಟಿದ್ದರು. ಅವರು ಮಷೀನ್ ಮಾಡಲಿಲ್ಲ, ಹಾಡು ಮಾಡಿದರು. ಅವರ ಹೆಸರು ಬಲವಂತ ಪಾಂಡುರಂಗ ಕಿರ್ಲೋಸ್ಕರ. ಎಲ್ಲರೂ ಕರೆಯೋದು ಅಣ್ಣಾಸಾಹೇಬ ಕಿರ್ಲೋಸ್ಕರ ಅಂತ. ಈ ಲೇಖನ ಅವರ ಬಗ್ಗೆ.

ನನಗೆ ಅವರು ಸಿಕ್ಕಿದ್ದು ಒಂದು ಅವಮಾನದ ಮೂಲಕ. ಅದನ್ನ ಮೊದಲು ಹೇಳಿಬಿಡ್ತೀನಿ.

ಹೋದ ಸೆಮಿಸ್ಟರ್‌ನಲ್ಲಿ ನಾವು ಕೆಲವರು ಸೇರಿ ಒಂದು ಸಣ್ಣ ನಾಟಕ ಮಾಡೋಣ ಅಂತ ಹೊರಟಿದ್ವಿ. ಹಳೇ ಕಂಪನಿ ನಾಟಕದ ಶೈಲಿ, ಆದರೆ ಕಥೆ ಹಾಸ್ಟೆಲಿಂದು. ಹಾಡು ಬರೆಯೋ ಕೆಲಸ ನನ್ನ ಪಾಲಿಗೆ ಬಂತು. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಪರೀಕ್ಷೆ ಉತ್ತರ ಬಿಟ್ಟು ಬೇರೆ ಏನೂ ಬರೆದವನಲ್ಲ. ಆದರೂ ಮೂರು ರಾತ್ರಿ ಕೂತು ಒಂದು ಹಾಡು ಬರೆದೆ. ತಾಲೀಮಿನಲ್ಲಿ ಹಾಡಿ ತೋರಿಸಿದಾಗ ಎರಡನೇ ಸಾಲಿಗೇ ಎಲ್ಲರೂ ನಗೋಕೆ ಶುರು ಮಾಡಿದರು. ನನಗೇ ಗೊತ್ತಿಲ್ಲದ ಹಾಗೆ ಒಂದು ಸಿನಿಮಾ ಹಾಡಿನ ಟ್ಯೂನ್ ಒಳಗೆ ಬಂದು ಕೂತಿತ್ತು. ಇದು ಒರಿಜಿನಲ್ ಅಲ್ಲ, ಕಾಪಿ ಅಂದರು. ನಾನು ಪೇಪರ್ ಮಡಚಿ ಜೇಬಲ್ಲಿ ಇಟ್ಟುಕೊಂಡು ರೂಮಿಗೆ ಬಂದೆ.

ಆಮೇಲೆ ತಲೆಯಲ್ಲಿ ಒಂದೇ ಪ್ರಶ್ನೆ. ಹಳೇ ರಂಗಗೀತೆಯ ಶೈಲಿಯಲ್ಲಿ ಹೊಸ ಹಾಡು ಬರೀಬೇಕು ಅಂದ್ರೆ ಹಳೇದು ಎಷ್ಟಿರಬೇಕು, ಹೊಸದು ಎಷ್ಟಿರಬೇಕು? ಇದನ್ನ ಮೊದಲು ಮಾಡಿದವರು ಹೇಗೆ ಮಾಡಿದರು? ಹುಡುಕ್ತಾ ಹೋದಾಗ ದಾರಿ ಪುಣೆಗೆ ಹೋಗಿ, ಅಲ್ಲಿಂದ ತಿರುಗಿ ನಮ್ಮ ಗೋಕಾಕ, ಮೂಡಲಗಿ ಕಡೆಗೇ ಬಂತು.

ಎರಡು ಭಾಷೆಯ ಹುಡುಗ

ಅಣ್ಣಾಸಾಹೇಬರು ಹುಟ್ಟಿದ್ದು 1843ರ ಮಾರ್ಚ್ 31ರಂದು. ಅವರ ಮನೆತನದ ಮೂಲ ಕೊಂಕಣದ ಕಿರ್ಲೋಸಿ ಅನ್ನೋ ಹಳ್ಳಿ. ಕಿರ್ಲೋಸ್ಕರ ಅನ್ನೋ ಹೆಸರು ಅಲ್ಲಿಂದಲೇ ಬಂದಿದ್ದು. ಆದರೆ ಹುಡುಗ ಬೆಳೆದಿದ್ದು ಗುರ್ಲಹೊಸೂರಿನಲ್ಲಿ. ಮನೆಯಲ್ಲಿ ಮರಾಠಿ, ಬಾಗಿಲು ದಾಟಿದರೆ ಕನ್ನಡ. ಬೆಳಗಾವಿ ಜಿಲ್ಲೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕಡೆ ಕಿರಾಣಿ ಅಂಗಡಿಯಲ್ಲಿ ಒಂದೇ ವಾಕ್ಯ ಎರಡು ಭಾಷೆಯಲ್ಲಿ ಮುಗಿಯುತ್ತೆ.

ಅವರು ಹುಟ್ಟಿದ ವರ್ಷಕ್ಕೆ ಇನ್ನೊಂದು ಮಹತ್ವ ಇದೆ. ಅದಕ್ಕೆ ಸ್ವಲ್ಪ ಮೊದಲು ಉತ್ತರ ಕನ್ನಡದ ಕರ್ಕಿಯಿಂದ ಒಂದು ಯಕ್ಷಗಾನ ಮೇಳ ಸಾಂಗ್ಲಿಗೆ ಹೋಗಿ ಆಟ ಆಡಿತ್ತು. ಅದನ್ನ ನೋಡಿದ ಸಾಂಗ್ಲಿಯ ಸಂಸ್ಥಾನಿಕರು ನಮ್ಮ ಭಾಷೆಯಲ್ಲೂ ಇಂಥದ್ದು ಆಗಬೇಕು ಅಂತ ವಿಷ್ಣುದಾಸ ಭಾವೆ ಅವರಿಗೆ ಹೇಳಿದರು. 1843ರ ನವೆಂಬರಿನಲ್ಲಿ ಭಾವೆ ಅವರು ಸೀತಾ ಸ್ವಯಂವರ ಆಡಿಸಿದರು. ಮರಾಠಿ ರಂಗಭೂಮಿ ಶುರುವಾಗಿದ್ದು ಅಲ್ಲಿಂದ ಅಂತ ಮರಾಠಿಯವರೇ ಲೆಕ್ಕ ಹಾಕ್ತಾರೆ. ಅಂದ್ರೆ ಮರಾಠಿ ನಾಟಕ ಮತ್ತು ಅಣ್ಣಾಸಾಹೇಬ, ಇಬ್ಬರೂ ಒಂದೇ ಬ್ಯಾಚ್. ಇಬ್ಬರ ಹುಟ್ಟಿನ ಹತ್ತಿರವೂ ಕನ್ನಡ ಇತ್ತು.

ಹುಡುಗನ ಓದು ಊರಲ್ಲಿ ಶುರುವಾಗಿ ಕೊಲ್ಹಾಪುರ, ಧಾರವಾಡ ಸುತ್ತಿ ಕೊನೆಗೆ ಪುಣೆಗೆ ಹೋಯ್ತು. ಪುಣೆಯ ಓದು ಮುಗಿಯಲಿಲ್ಲ. ಕಾರಣ ನಮಗೆಲ್ಲ ಪರಿಚಯ ಇರುವಂಥದ್ದೇ. ಪುಸ್ತಕಕ್ಕಿಂತ ನಾಟಕದ ಕಡೆಗೆ ಮನಸ್ಸು ಜಾಸ್ತಿ. ಊರಿಂದ ಊರಿಗೆ ಹೋಗುವ ನಾಟಕದ ಮಂಡಳಿಗಳಿಗೆ ಪದ ಬರೆದುಕೊಡೋದು, ರಾತ್ರಿಯೆಲ್ಲ ಆಟ ನೋಡೋದು. ಇಂಜಿನಿಯರಿಂಗ್ ಕಾಲೇಜಲ್ಲಿ ಇದ್ದಿದ್ದರೆ ಅಟೆಂಡೆನ್ಸ್ ಶಾರ್ಟೇಜ್ ಲಿಸ್ಟಿನಲ್ಲಿ ಅವರ ಹೆಸರು ಮೊದಲು ಇರ್ತಿತ್ತು.

ಡಿಗ್ರಿ ಇಲ್ಲದೆ ವಾಪಸ್ ಬಂದ ಮೇಲೆ ಬೆಳಗಾವಿಯಲ್ಲಿ ಕೆಲವು ಕಾಲ ಶಾಲಾ ಮಾಸ್ತರಾದರು. ಅಲ್ಲಿ ಅವರ ಕೈಕೆಳಗೆ ಕಲಿತ ಒಬ್ಬ ಹುಡುಗ ಗೋವಿಂದ ಬಲ್ಲಾಳ ದೇವಲ. ಮುಂದೆ ದೇವಲರೂ ದೊಡ್ಡ ನಾಟಕಕಾರರಾದರು. ಮುದುಕನಿಗೆ ಎಳೇ ಹುಡುಗಿಯನ್ನ ಕೊಡೋ ಪದ್ಧತಿ ವಿರುದ್ಧ ಶಾರದಾ ಅನ್ನೋ ನಾಟಕ ಬರೆದವರು ಅವರೇ. ಮಾಸ್ತರಿಕೆ ಆದ ಮೇಲೆ ಅಣ್ಣಾಸಾಹೇಬರು ಸರ್ಕಾರಿ ನೌಕರಿಗೆ ಸೇರಿದರು. ಕಚೇರಿಯ ಕೆಲಸದ ಮೇಲೇ ಮತ್ತೆ ಪುಣೆ ಸೇರಿದರು. 1873ರಲ್ಲಿ ಶಂಕರಾಚಾರ್ಯರ ಬಗ್ಗೆ ಶಾಂಕರ ದಿಗ್ಜಯ ಅನ್ನೋ ಗದ್ಯ ನಾಟಕ ಬರೆದರು. ಅದರಿಂದ ದೊಡ್ಡ ಹೆಸರೇನೂ ಬರಲಿಲ್ಲ.

ಇಲ್ಲಿ ಸ್ವಲ್ಪ ನಿಂತು ಅವರ ಪರಿಸ್ಥಿತಿ ನೋಡಿ. ವಯಸ್ಸು 37 ಆಗ್ತಾ ಬಂತು. ಓದು ಅರ್ಧಕ್ಕೆ ನಿಂತಿದೆ. ಕೆಲಸ ಗುಮಾಸ್ತರ ಕೆಲಸ. ಬರೆದದ್ದು ಯಾರಿಗೂ ಅಷ್ಟಾಗಿ ಗೊತ್ತಿಲ್ಲ. ಇವತ್ತಾಗಿದ್ದರೆ ನಾವು ಅವರಿಗೆ ಸೆಟಲ್ ಆಗಿಲ್ಲ ಅನ್ನೋ ಹಣೆಪಟ್ಟಿ ಹಚ್ಚಿರ್ತಿದ್ವಿ.

1880: ಒಂದು ಆಟ ನೋಡಿ ಬಂದ ರಾತ್ರಿ

1880ರಲ್ಲಿ ಪುಣೆಗೆ ಒಂದು ಪಾರ್ಸಿ ಕಂಪನಿ ಬಂತು. ಅವರು ಆಡಿದ್ದು ಉರ್ದುವಿನ ಇಂದ್ರಸಭಾ. ಪರದೆ, ಬೆಳಕು, ಬಣ್ಣದ ಸೀನರಿ, ಮತ್ತೆ ತುಂಬಾ ಹಾಡು. ಅಣ್ಣಾಸಾಹೇಬರು ಅದನ್ನ ನೋಡಿದರು. ಇದನ್ನ ನಮ್ಮ ಭಾಷೆಯಲ್ಲಿ ಯಾಕೆ ಮಾಡಬಾರದು ಅನ್ನೋ ಹಟ ಹುಟ್ಟಿದ್ದು ಅಲ್ಲಿ. ಕಥೆಗೆ ಅವರು ಕಾಳಿದಾಸನ ಶಾಕುಂತಲವನ್ನ ಆರಿಸಿಕೊಂಡರು.

ಅದೇ ವರ್ಷ ಅಕ್ಟೋಬರ್ 31ರಂದು ಪುಣೆಯಲ್ಲಿ ಸಂಗೀತ ಶಾಕುಂತಲದ ಮೊದಲ ನಾಲ್ಕು ಅಂಕ ಮಾತ್ರ ಆಡಿದರು. ಉಳಿದದ್ದು ಇನ್ನೂ ರೆಡಿ ಇರಲಿಲ್ಲ. ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ ಬೀಟಾ ವರ್ಷನ್ ರಿಲೀಸ್. ಜನಕ್ಕೆ ಹುಚ್ಚು ಹಿಡೀತು. ಮುಂದಿನ ವರ್ಷ ಏಳೂ ಅಂಕ ರಂಗಕ್ಕೆ ಬಂತು. ನಾಟಕದಲ್ಲಿ ಸುಮಾರು 200 ಹಾಡು ಇದ್ದವು. ಮೋರೋಬಾ ವಾಘೋಲೀಕರ, ಬಾಳಕೋಬಾ ನಾಟೇಕರ ಅನ್ನೋ ಗಾಯಕ ನಟರು ಹಾಡಿದರು. ಸೂತ್ರಧಾರನ ಪಾತ್ರ ಅಣ್ಣಾಸಾಹೇಬರದ್ದೇ. 1882ರಲ್ಲಿ ಬಡೋದೆಯಿಂದ ಭಾವೂರಾವ್ ಕೊಲ್ಹಟಕರ ಅನ್ನೋ ಹುಡುಗ ಕಂಪನಿ ಸೇರಿದ. ಹೆಂಗಸರು ರಂಗ ಹತ್ತದ ಆ ಕಾಲದಲ್ಲಿ ಶಕುಂತಲೆಯ ಪಾತ್ರ ಅವನಿಗೆ ಬಂತು. ಅವನ ದನಿ ಕೇಳೋಕೆ ಜನ ಮುಗಿಬಿದ್ದರು.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಈ ಮರಾಠಿ ಶಾಕುಂತಲಕ್ಕೆ ಸುಮಾರು ಹತ್ತು ವರ್ಷ ಮೊದಲೇ ನಮ್ಮ ಧಾರವಾಡದ ಕಡೆ ಚುರಮುರಿ ಶೇಷಗಿರಿರಾಯರು ಶಾಕುಂತಲವನ್ನ ಕನ್ನಡಕ್ಕೆ ತಂದಿದ್ದರು. ಅದೂ ನಮ್ಮ ಕಡೆಯ ಆಡುಮಾತಿನಲ್ಲಿ, ಹಾಡು ಸೇರಿಸಿ. ಗದಗಿನಲ್ಲಿ ಶಾಂತಕವಿ ಅಂತ ಹೆಸರಾದ ಸಕ್ಕರಿ ಬಾಳಾಚಾರ್ಯರು 1870ರ ದಶಕದಲ್ಲೇ ಕನ್ನಡ ನಾಟಕದ ಮಂಡಳಿ ಕಟ್ಟಿ ಉಷಾಹರಣ ಆಡಿಸಿದ್ದರು. ಅವರು ಹೊರಟಿದ್ದೇ ಊರೂರಿನಲ್ಲಿ ಮರಾಠಿ ನಾಟಕದ ಅಬ್ಬರ ನೋಡಿ, ಕನ್ನಡಿಗರಿಗೆ ಕನ್ನಡದ ನಾಟಕ ಬೇಕು ಅಂತ. ಹಾಗಾಗಿ ಅಣ್ಣಾಸಾಹೇಬರು ಖಾಲಿ ಜಾಗದಲ್ಲಿ ಮನೆ ಕಟ್ಟಿದರು ಅಂತ ಯಾರೂ ತಿಳೀಬಾರದು. ಸುತ್ತ ಎಲ್ಲ ಕಡೆ ಕೆಲಸ ನಡೀತಾ ಇತ್ತು.

ಹಾಗಾದ್ರೆ ಅವರು ಮಾಡಿದ ಹೊಸದು ಏನು?

ಹಾಡು ಯಾರ ಬಾಯಲ್ಲಿ?

ಅವರಿಗಿಂತ ಮೊದಲು, ಭಾವೆ ಅವರ ಕಾಲದ ನಾಟಕದಲ್ಲಿ ಹಾಡೋದೆಲ್ಲ ಸೂತ್ರಧಾರ. ಅವನು ಹಿಮ್ಮೇಳದ ಜೊತೆ ಪಕ್ಕದಲ್ಲಿ ನಿಂತು ಕಥೆಯನ್ನ ಹಾಡಿ ಹೇಳ್ತಿದ್ದ. ರಾಮ, ಸೀತೆ, ರಾವಣ ಬಂದು ಅಭಿನಯ ಮಾಡಿ, ಆ ಕ್ಷಣಕ್ಕೆ ಹೊಳೆದ ಮಾತು ಆಡಿ ಹೋಗ್ತಿದ್ದರು. ನಮ್ಮ ಯಕ್ಷಗಾನದ ಭಾಗವತರನ್ನ ನೆನೆಸಿಕೊಂಡರೆ ಅರ್ಥ ಆಗುತ್ತೆ.

ಅಣ್ಣಾಸಾಹೇಬರು ಹಾಡನ್ನ ಸೂತ್ರಧಾರನ ಬಾಯಿಂದ ತೆಗೆದು ಪಾತ್ರದ ಬಾಯಿಗೆ ಕೊಟ್ಟರು. ಮಾತನ್ನೂ ಮೊದಲೇ ಬರೆದಿಟ್ಟರು. ಶಕುಂತಲೆಗೆ ದುಃಖ ಆದರೆ ಹಾಡಬೇಕಾದವಳು ಶಕುಂತಲೆ. ಕಣ್ವ ಮಗಳನ್ನ ಕಳಿಸಿಕೊಡುವಾಗ ಗಂಟಲು ಕಟ್ಟಬೇಕಾದ್ದು ಕಣ್ವನಿಗೆ, ಪಕ್ಕದಲ್ಲಿ ನಿಂತವನಿಗಲ್ಲ. ಕೇಳೋಕೆ ಸಣ್ಣ ಬದಲಾವಣೆ. ಆದರೆ ಹಾಡು ಬರೆಯುವವನ ಕೆಲಸವೇ ಬೇರೆ ಆಗಿಹೋಗುತ್ತೆ. ಕಥೆ ಹೇಳೋಕೆ ಒಂದು ಪದ ಸಾಕು. ಒಬ್ಬ ಮನುಷ್ಯ ಆ ಗಳಿಗೆಯಲ್ಲಿ ಮಾತು ಸಾಲದೆ ಹಾಡಬೇಕು ಅಂದ್ರೆ, ಅವನು ಯಾರು, ಯಾರ ಮುಂದೆ ನಿಂತಿದ್ದಾನೆ, ಏನನ್ನ ಮುಚ್ಚಿಡ್ತಿದ್ದಾನೆ ಎಲ್ಲ ಗೊತ್ತಿರಬೇಕು.

ಅಮೆರಿಕದ ಬ್ರಾಡ್‌ವೇ ಮ್ಯೂಸಿಕಲ್ ಇತಿಹಾಸದಲ್ಲಿ ಇದೇ ವಿಷಯಕ್ಕೆ ಓಕ್ಲಹೋಮಾ ಅನ್ನೋ ನಾಟಕದ ಹೆಸರು ಹೇಳ್ತಾರೆ. ಹಾಡನ್ನ ಮಧ್ಯೆ ಸುಮ್ಮನೆ ತುರುಕದೆ, ಕಥೆಗೂ ಪಾತ್ರಕ್ಕೂ ಹೊಂದಿಸಿ ಹೆಣೆದದ್ದು ಅದರ ಹೆಗ್ಗಳಿಕೆ. ಸಂಗೀತ ರಿಚರ್ಡ್ ರಾಜರ್ಸ್, ಸಾಹಿತ್ಯ ಆಸ್ಕರ್ ಹ್ಯಾಮರ್‌ಸ್ಟೈನ್. ಅದು ಬ್ರಾಡ್‌ವೇಗೆ ಬಂದ ದಿನ 1943ರ ಮಾರ್ಚ್ 31. ಅಣ್ಣಾಸಾಹೇಬರು ಹುಟ್ಟಿ ಸರಿಯಾಗಿ ನೂರು ವರ್ಷ, ಒಂದು ದಿನವೂ ಹೆಚ್ಚುಕಡಿಮೆ ಇಲ್ಲ. ಕಾಕತಾಳೀಯ ಅಷ್ಟೇ. ಆದರೂ ಈ ತಾರೀಖು ನೋಡಿದಾಗ ನಾನು ರೂಮಲ್ಲಿ ಒಬ್ಬನೇ ಕೂತು ನಕ್ಕಿದ್ದೆ.

ಎರಡಕ್ಕೂ ಒಂದು ದೊಡ್ಡ ವ್ಯತ್ಯಾಸ ಇದೆ. ಆ ಅಮೆರಿಕದ ಜೋಡಿಯಲ್ಲಿ ಸಾಮಾನ್ಯವಾಗಿ ಮೊದಲು ಸಾಹಿತ್ಯ, ಆಮೇಲೆ ಅದಕ್ಕೆ ಹೊಸ ಟ್ಯೂನ್. ಅಣ್ಣಾಸಾಹೇಬರದ್ದು ಉಲ್ಟಾ. ಅವರ ಹತ್ತಿರ ಮೊದಲು ಇದ್ದದ್ದು ಟ್ಯೂನ್. ಜನರಿಗೆ ಮೊದಲೇ ಗೊತ್ತಿರುವ ಧಾಟಿ. ಅದರೊಳಗೆ ಹೊಸ ಮಾತು ಕೂರಿಸೋದು ಅವರ ಕೆಲಸ.

ಧಾಟಿಯ ಲೆಕ್ಕ

ಕೀರ್ತನಕಾರರ ಸಾಕಿ ಮತ್ತು ದಿಂಡಿ, ಲಾವಣಿ, ಹಿಂದೂಸ್ತಾನಿ ರಾಗದ ಚೀಜು, ಹೆಂಗಸರ ಪದ, ಜೊತೆಗೆ ಕನ್ನಡದ ಧಾಟಿಗಳು. ಇದೆಲ್ಲ ಅವರ ಉಗ್ರಾಣ. ಅವರ ನಾಟಕದ ಪುಸ್ತಕದಲ್ಲಿ ಹಾಡಿನ ಮೇಲೆ ಚಾಲ್ ಅಂತ ಬರೆದು, ಯಾವ ಹಳೇ ಹಾಡಿನ ಧಾಟಿ ಅನ್ನೋದನ್ನ ಅದರ ಮೊದಲ ಮಾತಿನಿಂದ ಸೂಚಿಸ್ತಿದ್ದರು. ಕನ್ನಡದಲ್ಲಿ ನಾವು ಮಟ್ಟು ಅಂತೀವಲ್ಲ, ಅದೇ. ಅಂದ್ರೆ ಎಲ್ಲಿಂದ ತಗೊಂಡೆ ಅನ್ನೋದನ್ನ ಹಾಡಿನ ತಲೆ ಮೇಲೇ ಪ್ರಿಂಟ್ ಮಾಡ್ತಿದ್ದರು. ಅದರಲ್ಲಿ ನಾಚಿಕೆ ಇರಲಿಲ್ಲ.

ಇದನ್ನ ಓದಿದಾಗ ನನ್ನ ಜೇಬಿನ ಪೇಪರ್ ನೆನಪಾಯ್ತು. ನಾನು ಟ್ಯೂನ್ ತಗೊಂಡಿದ್ದು ತಪ್ಪಲ್ಲ. ತಗೊಂಡೆ ಅಂತ ನನಗೇ ಗೊತ್ತಿಲ್ಲದೆ, ನಂದೇ ಅಂತ ಎದೆ ತಟ್ಟಿಕೊಂಡು ಹಾಡಿದ್ದು ತಪ್ಪು.

ಧಾಟಿ ಸಿಕ್ಕಿದರೆ ಕೆಲಸ ಮುಗೀತು ಅಂತಲ್ಲ. ಉದಾಹರಣೆಗೆ ದಿಂಡಿ ತಗೊಳ್ಳಿ. ಒಂದು ಸಾಲಿಗೆ 19 ಮಾತ್ರೆ, 9 ಆದ ಮೇಲೆ ಒಂದು ನಿಲುಗಡೆ, ಆಮೇಲೆ 10. ಹೈಸ್ಕೂಲಿನಲ್ಲಿ ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿದ್ದು ನೆನಪಿದೆಯಲ್ಲ? ಲಘು ಒಂದು, ಗುರು ಎರಡು. ಅದೇ ಲೆಕ್ಕ. ಒಂಬತ್ತರ ಡಬ್ಬಿಯಲ್ಲಿ ಹನ್ನೊಂದು ಮಾತ್ರೆಯ ಮಾತು ತುಂಬಿದರೆ ಹಾಡುವವನಿಗೆ ಉಸಿರು ಸಿಗೋದಿಲ್ಲ. ಏಳು ತುಂಬಿದರೆ ಎಳೆದು ಎಳೆದು ಅರ್ಥ ಹೋಗುತ್ತೆ. ಮುಖ್ಯವಾದ ಮಾತು ಧಾಟಿ ಮೇಲೇರುವ ಜಾಗದಲ್ಲೇ ಬರಬೇಕು. ಅಲ್ಲಿ ಮತ್ತು, ಆದರೆ ಅನ್ನೋ ಪದ ಬಂದರೆ ಇಡೀ ಸಾಲು ವೇಸ್ಟ್. ಇದಿಷ್ಟೂ ಮಾಡಿ ಕೇಳುವವನಿಗೆ ಲೆಕ್ಕ ಕಾಣಬಾರದು, ಪಾತ್ರ ಮಾತಾಡಿದ ಹಾಗೇ ಕೇಳಬೇಕು. ಅಣ್ಣಾಸಾಹೇಬರು ಇದನ್ನ ಒಂದು ನಾಟಕದಲ್ಲಿ ಸುಮಾರು 200 ಸಲ ಮಾಡಿದರು.

ಸೌಭದ್ರ ಮತ್ತು ನಮ್ಮ ಕಡೆಯ ಪಾರಿಜಾತ

1882ರ ನವೆಂಬರ್ 18ರಂದು ಅವರ ಎರಡನೇ ಸಂಗೀತ ನಾಟಕ ಸೌಭದ್ರ ರಂಗಕ್ಕೆ ಬಂತು. ಈ ಸಲ ಕಾಳಿದಾಸನ ಆಸರೆ ಇಲ್ಲ, ನಾಟಕ ಪೂರ್ತಿ ಸ್ವಂತದ್ದು. ಕಥೆ ಮಹಾಭಾರತದ್ದು. ಸುಭದ್ರೆಗೆ ಅರ್ಜುನ ಬೇಕು, ಅಣ್ಣ ಬಲರಾಮನಿಗೆ ದುರ್ಯೋಧನ ಅಳಿಯ ಆಗಬೇಕು, ಮಧ್ಯೆ ಕೃಷ್ಣ ನಗ್ತಾ ನಗ್ತಾ ಗಂಟು ಹಾಕಿ ಬಿಚ್ತಾನೆ. ಅರ್ಜುನ ಸನ್ಯಾಸಿ ವೇಷದಲ್ಲಿ ಬರ್ತಾನೆ. ಹೆಸರಿಗೆ ಪುರಾಣ. ನಿಜ ನೋಡಿದರೆ ಮದುವೆ ವಯಸ್ಸಿನ ಹುಡುಗಿ ಇರುವ ಯಾವುದೋ ಮನೆಯ ಕಥೆ. ಸಿಟ್ಟು, ಸೆಡವು, ಗಂಡ ಹೆಂಡತಿಯ ಚೇಷ್ಟೆ ಎಲ್ಲ ಇದೆ. ಇವತ್ತಿಗೂ ಮಹಾರಾಷ್ಟ್ರದಲ್ಲಿ ಅದನ್ನ ಆಡ್ತಾರೆ, ಹಾಡ್ತಾರೆ.

ದೇವರನ್ನ ಹೀಗೆ ಮನೆಯ ಮನುಷ್ಯ ಮಾಡೋ ಪದ್ಧತಿ ಅವರಿಗೆ ಎಲ್ಲಿಂದ ಬಂತು? ರಂಗಭೂಮಿಯ ಇತಿಹಾಸ ಬರೆದವರು ಇಲ್ಲಿ ಶ್ರೀಕೃಷ್ಣ ಪಾರಿಜಾತದ ಹೆಸರು ಹೇಳ್ತಾರೆ. ಬೆಳಗಾವಿ, ಬಾಗಲಕೋಟೆ ಕಡೆಯವರಿಗೆ ಪಾರಿಜಾತ ಗೊತ್ತು. ನಾರದ ಸ್ವರ್ಗದಿಂದ ಒಂದು ಪಾರಿಜಾತ ಹೂವು ತರ್ತಾನೆ, ಕೃಷ್ಣ ಅದನ್ನ ರುಕ್ಮಿಣಿಗೆ ಕೊಡ್ತಾನೆ, ಸತ್ಯಭಾಮೆಗೆ ಹೊಟ್ಟೆಕಿಚ್ಚು. ಆಮೇಲೆ ಕೃಷ್ಣ ಕೊರವಂಜಿ ವೇಷ ಹಾಕಿಕೊಂಡು ಬಂದು ಅವಳನ್ನ ಒಲಿಸೋಕೆ ಒದ್ದಾಡ್ತಾನೆ. ಕತ್ತಲಾದ ಮೇಲೆ ಶುರುವಾದರೆ ಬೆಳಗಿನ ತನಕ ಹಾಡು.

ಈ ಆಟದ ಪದಗಳನ್ನ ಮೊದಲು ಕಟ್ಟಿದವರು ಅಪರಾಳ ತಮ್ಮಣ್ಣ. ಅದನ್ನ ಬೆಳೆಸಿ ನಮ್ಮ ಕಡೆ ಮನೆಮಾತು ಮಾಡಿದವರು ಕುಲಗೋಡ ತಮ್ಮಣ್ಣ. ಕುಲಗೋಡ ಅಂದ್ರೆ ಹಿಂದೆ ಗೋಕಾಕ ತಾಲ್ಲೂಕು, ಈಗ ಮೂಡಲಗಿ ತಾಲ್ಲೂಕು. ನಮ್ಮ ಕೊಣ್ಣೂರಿಂದ ಬಸ್ಸು ಬದಲಾಯಿಸಿಕೊಂಡು ಹೋಗಿಬರುವಷ್ಟು ಹತ್ತಿರ. ಆಮೇಲಿನ ಕಾಲದಲ್ಲಿ ಪಾರಿಜಾತದಿಂದ ದೊಡ್ಡ ಹೆಸರು ಮಾಡಿದ ಕೌಜಲಗಿ ನಿಂಗಮ್ಮನವರೂ ಇದೇ ಭಾಗದವರು.

ಗುರ್ಲಹೊಸೂರಿನ ಹುಡುಗನ ಕಿವಿಗೆ ಈ ಧಾಟಿಗಳು ಬಿದ್ದಿದ್ದವು. ಅವು ಅವನ ಜೊತೆ ಪುಣೆಗೆ ಹೋದವು. ಅಲ್ಲಿ ಮರಾಠಿ ಮಾತು ಉಟ್ಟುಕೊಂಡು ರಂಗ ಹತ್ತಿದವು. ಅಲ್ಲಿ ಅವಕ್ಕೆ ನಾಟ್ಯಸಂಗೀತ ಅನ್ನೋ ಗೌರವದ ಹೆಸರು ಸಿಕ್ತು. ಇಲ್ಲಿ ಅದೇ ಧಾಟಿಯನ್ನ ಹಾಡ್ತಾ ಉಳಿದವರಿಗೆ ಬಯಲಾಟದವರು ಅಂತ ಕರೆದು ಮುಂದೆ ಹೋಗಿಬಿಟ್ವಿ. ಚಾಲ್ ಅಂತ ಪುಸ್ತಕದಲ್ಲಿ ಹಾಡಿನ ಸುಳಿವು ಉಳೀತು, ಅದನ್ನ ಮೊದಲು ಹಾಡಿದ ಗಂಟಲಿನ ಹೆಸರು ಉಳೀಲಿಲ್ಲ. ಅಣ್ಣಾಸಾಹೇಬರ ಕಥೆಯಲ್ಲಿ ನನಗೆ ಚುಚ್ಚೋ ಜಾಗ ಇದು. ಅವರ ತಪ್ಪು ಅಂತ ಹೇಳ್ತಾ ಇಲ್ಲ. ಅವರು ಆ ಕಾಲಕ್ಕೆ ಮಾಡಬಹುದಾದ ಪ್ರಾಮಾಣಿಕತೆ ಮಾಡಿದರು. ಉಳಿದ ಕೆಲಸ ನಮ್ಮ ಪಾಲಿಂದು.

ಅರ್ಧಕ್ಕೆ ನಿಂತ ಮೂರನೇ ನಾಟಕ

1884ರಲ್ಲಿ ರಾಮರಾಜ್ಯ ವಿಯೋಗ ಅನ್ನೋ ಮೂರನೇ ಸಂಗೀತ ನಾಟಕ ರಂಗಕ್ಕೆ ಬಂತು. ಪಟ್ಟಾಭಿಷೇಕ ತಪ್ಪಿ ರಾಮ ಕಾಡಿಗೆ ಹೋಗೋ ಕಥೆ. ಮೊದಲಿನಂತೆ ಈ ಸಲವೂ ಸಿದ್ಧವಾದ ಅಂಕಗಳನ್ನ ಮೊದಲು ಆಡಿದರು, ಉಳಿದದ್ದು ಆಮೇಲೆ ಅಂತ ಇಟ್ಟುಕೊಂಡರು. ಆ ಆಮೇಲೆ ಬರಲೇ ಇಲ್ಲ. 1885ರ ನವೆಂಬರ್ 2ರಂದು, ಹುಟ್ಟಿದ ಗುರ್ಲಹೊಸೂರಿನಲ್ಲೇ ಅಣ್ಣಾಸಾಹೇಬರು ತೀರಿಕೊಂಡರು. ವಯಸ್ಸು 42.

ಶಾಕುಂತಲದ ಮೊದಲ ಆಟದಿಂದ ಸಾವಿನ ತನಕ ಲೆಕ್ಕ ಹಾಕಿದರೆ ಐದು ವರ್ಷ, ಎರಡು ದಿನ. ನಮ್ಮ ಬಿಇ ಕೋರ್ಸಿಗಿಂತ ಒಂದೇ ವರ್ಷ ಜಾಸ್ತಿ. ಅದಕ್ಕೂ ಹಿಂದಿನ 37 ವರ್ಷ ಅವರು ಹೊರಗಿನವರ ಕಣ್ಣಿಗೆ ಏನೂ ಸಾಧಿಸದ ಮನುಷ್ಯ. ಆದರೆ ಆ 37 ವರ್ಷದಲ್ಲೇ ಅವರ ಕಿವಿ ತುಂಬಿದ್ದು.

ಅವರು ಹೋದ ಮೇಲೂ ಕಂಪನಿ ನಡೀತು. 1905ರಲ್ಲಿ ಒಬ್ಬ ಹದಿಹರೆಯದ ಹುಡುಗ ಆ ಕಂಪನಿಗೆ ಸೇರಿ ಶಕುಂತಲೆಯ ಪಾತ್ರ ಮಾಡಿದ. ಅವನೇ ಬಾಲಗಂಧರ್ವ. ನಮ್ಮ ಕುಂದಗೋಳದ ರಾಮಭಾವು ಮರಾಠಿ ಸಂಗೀತ ನಾಟಕಗಳಲ್ಲಿ ಹಾಡಿ ಸವಾಯಿ ಗಂಧರ್ವ ಅನ್ನಿಸಿಕೊಂಡರು. ಭೀಮಸೇನ ಜೋಶಿಯವರ ಗುರು ಅವರೇ. ಇತ್ತ ಕನ್ನಡದಲ್ಲಿ ಊರೂರಿಗೆ ಕಂಪನಿ ಹುಟ್ಟಿದವು. ನಮ್ಮ ಕೊಣ್ಣೂರಿನ ಹೆಸರಲ್ಲೇ ಒಂದು ಇತ್ತು, ಶಿವಮೂರ್ತಿಸ್ವಾಮಿ ಕಣಬರಗಿಮಠ ಅವರು ಕಟ್ಟಿದ ಕಂಪನಿ. ಉತ್ತರ ಕರ್ನಾಟಕದ ಇಂಥ ಕಂಪನಿಗಳಲ್ಲಿ ಮರಾಠಿ ರಂಗಗೀತೆಯ ಧಾಟಿಗೆ ಕನ್ನಡ ಮಾತು ಕೂರಿಸಿ ಹಾಡೋದು ಮಾಮೂಲಿ ಆಯ್ತು. ಅಂದ್ರೆ ಇಲ್ಲಿಂದ ಹೋದ ಸಾಲ ಬಡ್ಡಿ ಸಮೇತ ವಾಪಸ್ ಬಂತು.

ಕೊಣ್ಣೂರಿಗೆ ಹಾಗೊಂದು ಕಂಪನಿ ಇತ್ತು ಅಂತ ನನಗೆ 19 ವರ್ಷ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದ ಕೊಣ್ಣೂರು ಅಂದ್ರೆ ಘಟಪ್ರಭಾ ನದಿ, ಪಕ್ಕದ ಗೋಕಾಕ ಫಾಲ್ಸು, ಅಲ್ಲಿಯ ನೂಲಿನ ಮಿಲ್ಲು, ಮತ್ತು ಸ್ಕೂಲ್ ವ್ಯಾನು.

ಕನ್ನಡ ಸಂಘದಲ್ಲಿ ಮರಾಠಿಯವರ ಕಥೆ ಯಾಕೆ?

ಈ ಲೇಖನ ಬರೀತೀನಿ ಅಂದಾಗ ಒಬ್ಬ ಗೆಳೆಯ ಇದೇ ಪ್ರಶ್ನೆ ಕೇಳಿದ. ಬೆಳಗಾವಿ ಜಿಲ್ಲೆಯಿಂದ ಬಂದವನಿಗೆ ಈ ಪ್ರಶ್ನೆ ಸಣ್ಣದಲ್ಲ. ಅಣ್ಣಾಸಾಹೇಬರು ಬೆಳೆದ ಕಾಲದಲ್ಲಿ ನಮ್ಮ ಭಾಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಶಾಲೆ, ಕಚೇರಿ ಎಲ್ಲದರಲ್ಲೂ ಮರಾಠಿಯದ್ದೇ ಮೇಲುಗೈ. ಕನ್ನಡ ಶಾಲೆ ಬೇಕು ಅಂತ ಡೆಪ್ಯುಟಿ ಚನ್ನಬಸಪ್ಪನವರು ದುಡಿದಿದ್ದು ಅದೇ ಕಾಲದಲ್ಲಿ. ಹಾಗಾಗಿ ಈ ಪ್ರತಿಭೆಯ ಹುಡುಗ ಕನ್ನಡದಲ್ಲಿ ಯಾಕೆ ಬರೀಲಿಲ್ಲ ಅಂತ ಬೇಜಾರಾಗೋದು ಸಹಜ, ನನಗೂ ಆಯ್ತು. ಆದರೆ ಅವರ ಮನೆಮಾತು ಮರಾಠಿ, ಅವರು ಅದರಲ್ಲಿ ಬರೆದರು. ನನ್ನ ಮನೆಮಾತು ಕನ್ನಡ, ಆದರೆ ನಾನು ಡೈರಿ ಬರೆಯೋದು ಇಂಗ್ಲಿಷಿನಲ್ಲಿ. ಅವರನ್ನ ಕೇಳೋ ಮೊದಲು ನಾನು ನನ್ನನ್ನ ಕೇಳಿಕೊಳ್ಳಬೇಕು. ನಮ್ಮ ನೆಲದ ಧಾಟಿ ಎಲ್ಲೆಲ್ಲಿ ಹೋಗಿದೆ ಅಂತ ಹುಡುಕೋದೂ ಕನ್ನಡದ ಕೆಲಸವೇ ಅಂತ ನನಗೆ ಅನ್ನಿಸುತ್ತೆ.

ಕೊನೆಗೆ ನಮ್ಮ ನಾಟಕದ ಹಾಡಿನ ಸುದ್ದಿ.

ರಜೆಗೆ ಊರಿಗೆ ಹೋದಾಗ ಅಜ್ಜಿ ಹತ್ತಿರ ಕೂತೆ. ಅಕ್ಕಿ ಆರಿಸುವಾಗ ಅವರು ಒಂದು ಹಳೇ ಧಾಟಿ ಗುನುಗ್ತಾರೆ. ಮಾತು ಅರ್ಧ ಮರೆತಿದೆ, ಧಾಟಿ ಪೂರ್ತಿ ಇದೆ. ಎಲ್ಲಿ ಕಲಿತಿದ್ದು ಅಂದ್ರೆ ಜಾತ್ರಿ ಆಟದಾಗ ಕೇಳಿದ್ದು ಅಂತಾರೆ, ಅಷ್ಟೇ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ವಾಪಸ್ ಬರುವಾಗ ಬಸ್ಸಿನಲ್ಲಿ ಬೆರಳು ಮಡಚಿ ಮಾತ್ರೆ ಎಣಿಸಿದೆ. ಸ್ವಲ್ಪ ಎಳೆದು ಹಾಡಿದರೆ ದಿಂಡಿಯ ಒಂಬತ್ತು, ಹತ್ತರ ಲೆಕ್ಕಕ್ಕೆ ಕೂಡುತ್ತೆ.

ನಾಟಕದಲ್ಲಿ ಒಂದು ದೃಶ್ಯ ಇದೆ. ನಾಲ್ಕು ಸಬ್ಜೆಕ್ಟ್ ಹೋದ ಹುಡುಗ ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತು ಮನೆಗೆ ಫೋನ್ ಮಾಡ್ತಾನೆ. ಮೊದಲು ಬರೆದ ಹಾಡಿನಲ್ಲಿ ನಾನು ಅವನ ಕೈಲಿ ಜೀವನ, ಕನಸು, ಹೋರಾಟ ಅಂತ ಎಲ್ಲ ದೊಡ್ಡ ಮಾತು ಹಾಡಿಸಿದ್ದೆ. ಅಣ್ಣಾಸಾಹೇಬರನ್ನ ಓದಿದ ಮೇಲೆ ಬೇರೆ ಥರ ಯೋಚನೆ ಮಾಡಿದೆ. ಅವನು ಯಾರ ಹತ್ತಿರ ಮಾತಾಡ್ತಿದ್ದಾನೆ? ಅವ್ವನ ಹತ್ತಿರ. ಏನನ್ನ ಮುಚ್ಚಿಡ್ತಿದ್ದಾನೆ? ರಿಸಲ್ಟ್. ಹಾಗಾದ್ರೆ ಅವನು ಕನಸಿನ ಬಗ್ಗೆ ಹಾಡೋದಿಲ್ಲ. ಊಟದ ಬಗ್ಗೆ ಹಾಡ್ತಾನೆ. ಪಲ್ಲವಿ ಹೀಗಾಯ್ತು:

ಊಟ ಆಗ್ಯದವ್ವ, ಚಿಂತಿ ಮಾಡಬ್ಯಾಡ
ಓದು ನಡದದವ್ವ, ಇನ್ನ ಕೇಳಬ್ಯಾಡ

ಬೇಕಾದ್ರೆ ಪ್ರಸ್ತಾರ ಹಾಕಿ ನೋಡಿ, ಪ್ರತಿ ಸಾಲಿಗೂ 19. ತಾಲೀಮಿನಲ್ಲಿ ಇದನ್ನ ಹಾಡಿದಾಗ ಈ ಸಲ ಯಾರೂ ನಗಲಿಲ್ಲ. ಒಬ್ಬನಂತೂ ಎದ್ದು ಹೊರಗೆ ಹೋಗಿ ಮನೆಗೆ ಫೋನ್ ಮಾಡಿ ಬಂದ.

ಪಾತ್ರಧಾರಿಗಳಿಗೆ ಹಂಚಿದ ಹಾಳೆಯಲ್ಲಿ ಹಾಡಿನ ಮೇಲೆ ಒಂದು ಸಾಲು ಸೇರಿಸಿದ್ದೀನಿ. ಧಾಟಿ: ಕೊಣ್ಣೂರಿನ ನಮ್ಮ ಅಜ್ಜಿ ಅಕ್ಕಿ ಆರಿಸುವಾಗ ಹಾಡುವ ಪದ, ಅವರು ಜಾತ್ರೆಯ ಆಟದಲ್ಲಿ ಕೇಳಿದ್ದು. ಆ ಆಟದಲ್ಲಿ ಅದನ್ನ ಹಾಡಿದವರ ಹೆಸರು ಮಾತ್ರ ನನಗೆ ಸಿಕ್ಕಿಲ್ಲ. ಆ ಜಾಗ ಖಾಲಿ ಬಿಟ್ಟಿದ್ದೀನಿ.

ನಿಮ್ಮ ಮನೆಯಲ್ಲೂ ಇಂಥ ಒಂದು ಧಾಟಿ ಇರಬಹುದು. ಮುಂದಿನ ಸಲ ಊರಿಗೆ ಹೋದಾಗ ಕೇಳಿಕೊಂಡು ಬನ್ನಿ. ಹಾಡಿದವರ ಹೆಸರನ್ನೂ ಬರೆದುಕೊಂಡು ಬನ್ನಿ.